ಮನೆಯೊಳಗಣ ವಿಜ್ಞಾನ: ಹುಣಸೆಯ ಹುಳಿ

ಊರು ಬಿಟ್ಟು ಮುಂಬಯಿಗೋ ಪುಣೆಗೋ ಬಂದು ನೆಲೆಸಿದ ನಮ್ಮವರ ಮನೆಗಳಲ್ಲಿ ಎರಡು ವಸ್ತುಗಳು ಅನೇಕ ವೇಳೆ ಕಾಣಸಿಗುತ್ತವೆ: ಊರಿನಿಂದ ಬಂದ ಹುಣಸೆಹಣ್ಣು, ಅಜ್ಜಿಯ ಕಾಲದ ಹಿತ್ತಾಳೆ ಪಾತ್ರೆ. ಇವೆರಡರ ಸ್ನೇಹ ಹಳೆಯದು. ಆದರೆ ಆ ಸ್ನೇಹಕ್ಕೂ ಒಂದು ಎಲ್ಲೆಯುಂಟು.

ಹುಣಸೆಯ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ನಿಂಬೆಯ ಸಿಟ್ರಿಕ್ ಆಮ್ಲ ಬೇರೆ, ಇದು ಬೇರೆ. ಅನೇಕ ಹಣ್ಣುಗಳು ಮಾಗಿದಂತೆಲ್ಲ ಹುಳಿಯನ್ನು ಕಳೆದುಕೊಳ್ಳುತ್ತವೆ. ಹುಣಸೆಯಲ್ಲಿ ಹಾಗಲ್ಲ; ಸಕ್ಕರೆ ಹೆಚ್ಚುತ್ತದೆ, ಆಮ್ಲವೂ ಉಳಿದೇ ಇರುತ್ತದೆ. ಆದುದರಿಂದಲೇ ಹಣ್ಣಾದ ಹುಣಸೆ ಸಿಹಿಯೂ ಹೌದು, ಹಲ್ಲು ಜುಮ್ಮೆನ್ನುವಷ್ಟು ಹುಳಿಯೂ ಹೌದು.

ಈ ಆಮ್ಲವನ್ನು 1769ರಲ್ಲಿ ಮೊದಲು ಬೇರ್ಪಡಿಸಿದವನು ಸ್ವೀಡನ್ನಿನ ಷೀಲೆ. ಹುಣಸೆಯಿಂದಲ್ಲ, ದ್ರಾಕ್ಷಾರಸದ ಪೀಪಾಯಿಗಳಲ್ಲಿ ಕಟ್ಟಿಕೊಳ್ಳುವ ಗಸಿಯಿಂದ. 1848ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರನು ಇದರ ಲವಣವೊಂದರ ಹರಳುಗಳಲ್ಲಿ ಎಡಗೈ ಬಲಗೈಗಳಂತೆ ಎರಡು ಬಗೆಗಳಿರುವುದನ್ನು ಕಂಡು, ಒಂದೊಂದಾಗಿ ಆರಿಸಿ ಬೇರೆ ಮಾಡಿದನು. ಅಣುಗಳ ಆಕಾರವನ್ನು ಕುರಿತ ಶಾಸ್ತ್ರಕ್ಕೆ ಅದೇ ನಾಂದಿಯಾಯಿತು.

ಕೈಗಾರಿಕೆಯಲ್ಲಿ ಇದಕ್ಕೆ ಕೆಲಸ ಬಹಳ. ಇದರ ಪೊಟ್ಯಾಸಿಯಮ್ ಲವಣವನ್ನು ಸೋಡಾದೊಡನೆ ಬೆರೆಸಿದರೆ ಹಿಟ್ಟನ್ನು ಉಬ್ಬಿಸುವ ಬೇಕಿಂಗ್ ಪೌಡರ್ ಆಗುತ್ತದೆ. ನೀರಿಗೆ ಹಾಕಿದೊಡನೆ ಬುಸುಗುಡುವ ಗುಳಿಗೆಗಳಲ್ಲಿಯೂ ಇದನ್ನು ಬಳಸುತ್ತಾರೆ. ಜಿಪ್ಸಮ್ ಗಾರೆ ಅವಸರದಲ್ಲಿ ಗಟ್ಟಿಯಾಗದಂತೆ ತಡೆಯಲು, ಗಾಜಿಗೆ ಬೆಳ್ಳಿಯ ಲೇಪ ಕೊಟ್ಟು ಕನ್ನಡಿ ಮಾಡಲು ಸಹ ಇದು, ಇಲ್ಲವೆ ಇದರ ಲವಣ, ಒದಗುತ್ತದೆ. ಒಂದು ಕಾಲದಲ್ಲಿ ಗ್ರಾಮಫೋನಿನ ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತಿದ್ದುದೂ ಇದರ ಲವಣದ ಹರಳೇ!

ಇನ್ನು ನಮ್ಮ ಅಡಿಗೆಮನೆಗೆ ಬರೋಣ. ಹುಣಸೆಹಣ್ಣಿನಿಂದ ತಿಕ್ಕಿದರೆ ಹಿತ್ತಾಳೆ ಥಳಥಳಿಸುವುದೇಕೆ? ಅದರ ಮೇಲೆ ಕಟ್ಟಿದ ತಾಮ್ರದ ಆಕ್ಸೈಡನ್ನು ಆಮ್ಲವು ಕರಗಿಸುತ್ತದೆ. ನೀರು ಅದನ್ನು ತೊಳೆದುಬಿಡುತ್ತದೆ. ಪಾತ್ರೆಯ ಹೊರಗೆ ನಡೆಯುವ ಈ ಕ್ರಿಯೆಯೇ ಒಳಗೂ ನಡೆದರೆ ಗತಿಯೇನು? ಕರಗಿದ ತಾಮ್ರ ಸಾರಿನೊಡನೆ ಹೊಟ್ಟೆ ಸೇರುತ್ತದೆ. ಓಕರಿಕೆ, ವಾಂತಿ, ಹೊಟ್ಟೆನೋವು ಅದರ ಫಲ. ಇದನ್ನು ತಡೆಯಲೆಂದೇ ಹಿರಿಯರು ಒಳಗೆ ತವರದ ಕಲಾಯಿ ಹಾಕಿಸುತ್ತಿದ್ದರು.

ಕಲಾಯಿಯವನು ಈಗ ನಗರದ ಬೀದಿಗಳಲ್ಲಿ ಅಪರೂಪ. ಆದುದರಿಂದ ಸೋದರಿಯರೇ, ಪಾತ್ರೆಯ ಒಳಮೈಯಲ್ಲಿ ಹಳದಿ ಇಣುಕಿದೆಯೇ ನೋಡಿರಿ. ಇಣುಕಿದ್ದರೆ ಅದರಲ್ಲಿ ಹುಳಿ, ಸಾರು, ಗೊಜ್ಜು ಕುದಿಸುವುದಾಗಲಿ, ರಾತ್ರಿ ಇಟ್ಟು ಬೆಳಿಗ್ಗೆ ಬಡಿಸುವುದಾಗಲಿ ಬೇಡ. ಕಲಾಯಿ ಹಾಕಿಸುವ ತನಕ ಅಡಿಗೆಗೆ ಸ್ಟೀಲು, ನೆನಪಿಗೆ ಹಿತ್ತಾಳೆ.