ಕಡಲ ಮನೆಗೆ ಗಾಜಿನ ಗೋಡೆ ಬೇಡ, ಜಗಲಿ ಬೇಕು

ಹೊನ್ನೂರಿಗೂ ಕಡಲಿಗೂ ಏನು ಸಂಬಂಧ ಅನ್ನಬೇಡಿ. ನಮ್ಮ ಯಳಂದೂರು, ಕೊಳ್ಳೇಗಾಲ, ಹನೂರು ಕಡೆಯಿಂದ ಬೆಂಗಳೂರಿಗೆ ಹೋಗಿ ನಾಲ್ಕು ಕಾಸು ಕಂಡವರು ಈಗ ನಾಲ್ಕೈದು ಮನೆಯವರು ಸೇರಿ ಕಡಲ ತೀರದಲ್ಲಿ ಒಂದು ಮನೆ ಮಾಡುವ ಮಾತಾಡುತ್ತಿದ್ದಾರೆ. ರಜೆಗೆ ಹೋಗಿ ಇರೋಣ, ಉಳಿದ ದಿನ ಬಾಡಿಗೆಗೆ ಬಿಡೋಣ ಅನ್ನುವ ಲೆಕ್ಕ. ಆಸೆ ತಪ್ಪಲ್ಲ. ಆದರೆ ವಾಟ್ಸಾಪ್‌ನಲ್ಲಿ ಓಡಾಡುವ ಪ್ಲಾನ್ ನೋಡಿ: ಚೌಕ ಡಬ್ಬಿ, ಮೇಲೆ ಚಪ್ಪಟೆ ತಾರಸಿ, ಕಡಲಿನ ಕಡೆಗೆ ನೆಲದಿಂದ ಸೂರಿನವರೆಗೆ ಗಾಜು. ಇದಕ್ಕೆ ದುಡ್ಡು ಸುರಿಯಬೇಡಿ ಅಂತಲೇ ನಾವು ಹೇಳುವುದು.

ಕಾರವಾರದಿಂದ ಉಳ್ಳಾಲದವರೆಗೆ ನಮ್ಮ ರಾಜ್ಯದ ಕಡಲು ಇರುವುದು ಪಶ್ಚಿಮಕ್ಕೆ. ಕಡಲಿಗೆ ಮುಖ ಮಾಡಿದ ಗಾಜು ಇಳಿಹೊತ್ತಿನ ಸೂರ್ಯನಿಗೂ ಮುಖ ಮಾಡಿರುತ್ತದೆ. ಮೂರು ಗಂಟೆಯಿಂದ ಸಂಜೆವರೆಗೆ ಬಿಸಿಲು ನೇರ ಒಳಗೆ. ತೆರೆಯಲಾಗದ ಗಾಜಾದರೆ ಗಾಳಿಯೂ ಇಲ್ಲ. ಆಮೇಲೆ ಎಸಿ, ಅದರ ಬಿಲ್ಲು. ಗಾಳಿ ಪುಕ್ಕಟೆ ಸಿಗುವ ಜಾಗದಲ್ಲಿ ಗಾಳಿಗೆ ಬಾಗಿಲು ಹಾಕಿ ಕರೆಂಟು ಕೊಳ್ಳುವುದು ಯಾವ ಜಾಣತನ?

ನಮ್ಮದು ಒಣ ಸೀಮೆ. ದಪ್ಪ ಮಣ್ಣಿನ ಗೋಡೆ ಹಗಲಿನ ಬಿಸಿಯನ್ನು ತಡೆಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಕರಾವಳಿಯಲ್ಲಿ ಹಾಗಲ್ಲ. ಅಲ್ಲಿ ರಾತ್ರಿಯೂ ಸೆಕೆ ಇಳಿಯುವುದು ಕಡಿಮೆ, ಬೆವರು ಆರುವುದಿಲ್ಲ. ಅಲ್ಲಿ ಮೈಗೆ ಬೇಕಾದದ್ದು ನೆರಳು ಮತ್ತು ಆಡುವ ಗಾಳಿ. ಹಗಲು ಗಾಳಿ ಕಡಲಿನಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ. ಹಾಗಾಗಿ ಪೂರ್ವ, ಪಶ್ಚಿಮ ಎರಡೂ ಗೋಡೆಗೆ ಎದುರುಬದುರು ಕಿಟಕಿ ಬೇಕು. ಪಶ್ಚಿಮಕ್ಕೆ ಅಗಲವಾದ ಜಗಲಿ ಬೇಕು. ಬಿಸಿಲನ್ನೂ ಮಳೆಯ ಎರಚಲನ್ನೂ ಅದೇ ತಡೆಯುತ್ತದೆ.

ಕರಾವಳಿಯ ಹಿರಿಯರು ಇದನ್ನೇ ಮಾಡಿದ್ದರು. ಮುರಕಲ್ಲಿನ ಗೋಡೆ, ಎತ್ತರದ ಪಾಯ, ಇಳಿಜಾರು ಮಾಡು, ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ ಸೂರು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಮಾಡುಗಳಿಗೆ ಮಂಗಳೂರು ಹೆಂಚು ಬಂತು. ನಮ್ಮಲ್ಲಿ ಬೀಳುವುದರ ನಾಲ್ಕು ಪಟ್ಟು ಮಳೆ ಸುರಿಯುವ ನಾಡಿಗೆ ನೀರು ನಿಲ್ಲುವ ತಾರಸಿ ಒಯ್ಯುವುದು ಹಟ, ಅಷ್ಟೆ.

ಇನ್ನು ಉಪ್ಪುಗಾಳಿ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ಅದು ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿದರೆ ಸ್ಲ್ಯಾಬ್ ಬಿರುಕು ಬಿಡುತ್ತದೆ. ಕಡಲ ಗಾಳಿಗೆ ಒಡ್ಡಿದ ಕಟ್ಟಡಕ್ಕೆ ಕನಿಷ್ಠ ಎಂ30 ಕಾಂಕ್ರೀಟ್, ಕಂಬಿಯ ಮೇಲೆ 45 ಮಿಲಿಮೀಟರ್ ಹೊದಿಕೆ ಇರಬೇಕೆಂದು ಐಎಸ್ 456 ಹೇಳುತ್ತದೆ. ನಮ್ಮೂರ ಮನೆಯ ಲೆಕ್ಕದಲ್ಲಿ ಅಲ್ಲಿ ಕಂಬಿ ಕಟ್ಟಿಸಬೇಡಿ.

ಹಂಚಿಕೊಳ್ಳುವ ಮನೆಗೆ ಇನ್ನೊಂದು ತೊಡಕಿದೆ. ಅದು ತಿಂಗಳುಗಟ್ಟಲೆ ಬೀಗ ಹಾಕಿರುತ್ತದೆ. ಮಳೆಗಾಲದಲ್ಲಿ ಮುಚ್ಚಿದ ಮನೆಯ ಹಾಸಿಗೆ, ಬಟ್ಟೆ, ಬೀರು ಎಲ್ಲಕ್ಕೂ ಬೂಷ್ಟು. ಬೀಗ ಹಾಕಿದಾಗಲೂ ಗಾಳಿಯಾಡಲು ಗೋಡೆಯ ಮೇಲ್ಭಾಗದಲ್ಲಿ ಜಾಲಿ ಬಿಡಿ. ಮನೆಗೊಂದು ಚಿಕ್ಕ ಕೋಣೆ ಸಾಕು. ಅಡುಗೆಮನೆ, ಜಗಲಿ ಎಲ್ಲರಿಗೂ ಒಂದೇ ಇರಲಿ. ಅವ್ವ, ಅಜ್ಜಿಗೆ ಕೆಳಗೇ ಕೋಣೆ, ಕೆಳಗೇ ಕಕ್ಕಸು. ವಾರಕ್ಕೊಮ್ಮೆ ಕಿಟಕಿ ತೆರೆಯಲು ಅಲ್ಲಿಯವರೊಬ್ಬರಿಗೆ ಸಂಬಳ ಕೊಡಿ. ರಿಪೇರಿಗೆ ಯಾರು ಎಷ್ಟು ಹಾಕಬೇಕು, ಪಾಲು ಬಿಡುವವರಿಗೆ ಏನು ಸಿಗಬೇಕು ಅನ್ನುವುದನ್ನು ಪಾಯ ತೋಡುವ ಮೊದಲೇ ಬರೆದು ನೋಂದಾಯಿಸಿ. ಅಣ್ಣತಮ್ಮಂದಿರ ನಡುವೆಯೇ ಬದುವಿಗೆ ಜಗಳ ಬರುವಾಗ ಬಾಯಿಮಾತು ನಿಲ್ಲುತ್ತದೆಯೇ?

ಎಲ್ಲಕ್ಕಿಂತ ಮೊದಲು ಜಾಗ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಂತೆ ಹಳ್ಳಿಗಳಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್, ಜನದಟ್ಟಣೆ ಹೆಚ್ಚಿರುವ ಕಡೆ 50 ಮೀಟರ್ ನಿರ್ಮಾಣ ನಿಷೇಧದ ವಲಯ. ಅಲ್ಲಿನ ವಿನಾಯಿತಿ ಇರುವುದು ಮೀನುಗಾರರಂಥ ಸ್ಥಳೀಯರಿಗೆ, ನಮ್ಮ ರಜೆಗಲ್ಲ. ನಿಯಮ ಮೀರಿ ಕಟ್ಟಿದ್ದಕ್ಕೆ ಕೊಚ್ಚಿ ಬಳಿಯ ಮರಡಿನಲ್ಲಿ ನಾಲ್ಕು ಅಪಾರ್ಟ್‌ಮೆಂಟ್‌ಗಳನ್ನು ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿಯಲ್ಲಿ ಸ್ಫೋಟಕ ಇಟ್ಟು ಉರುಳಿಸಿದರು. 300ಕ್ಕೂ ಹೆಚ್ಚು ಫ್ಲ್ಯಾಟುಗಳು ಮಣ್ಣಾದವು. ಕೊಂಡವರು ಸಾಲದ ದುಡ್ಡು ಕಟ್ಟಿ, ಬಿಲ್ಡರ್ ಮಾತು ನಂಬಿದವರು.

ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ಉಬ್ಬರದ ಗೆರೆ ಎಲ್ಲಿದೆ? ಕರೆಂಟು ಹೋದ ರಾತ್ರಿ ಈ ಮನೆಯಲ್ಲಿ ಮಲಗಬಹುದೇ? ಐದು ವರ್ಷದ ಮೇಲೆ ತುಕ್ಕಿಗೆ ದುಡ್ಡು ಯಾರದು? ಉತ್ತರ ಕೊಡಲಾಗದವರು ಎಷ್ಟೇ ಚಂದದ ಫೋಟೋ ಕಳಿಸಿದರೂ ಅವರ ಕೈಗೆ ನಿಮ್ಮ ಬೆವರಿನ ದುಡ್ಡು ಹೋಗಬಾರದು.