ಸಂಗೀತ ಸಭೆಯಲ್ಲಿ ಮುಂದಿನ ಸಾಲಿನವರ ಹೊಣೆ

ಡಿಸೆಂಬರ್ ತಿಂಗಳು ಬಂತೆಂದರೆ ಪುಣೆಯ ಸಂಗೀತ ರಸಿಕರ ಬಾಯಲ್ಲಿ 'ಸವಾಯಿ'ಯದೇ ಮಾತು. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮರುವರ್ಷವೇ ಅವರ ಶಿಷ್ಯ ಪಂಡಿತ ಭೀಮಸೇನ ಜೋಶಿಯವರು ಗುರುಗಳ ಸ್ಮರಣೆಗಾಗಿ ಆರಂಭಿಸಿದ ಮಹೋತ್ಸವವಿದು. 2011ರಲ್ಲಿ ಭೀಮಸೇನರು ನಿಧನರಾದ ಬಳಿಕ ಗುರು-ಶಿಷ್ಯರಿಬ್ಬರ ಹೆಸರನ್ನೂ ಹೊತ್ತು ನಡೆದುಬಂದಿದೆ. ಮಹೋತ್ಸವದ ಕೊನೆಗೆ ಒಂದು ಹಳೆಯ ರೂಢಿಯಿದೆ. ಎಲ್ಲ ಕಲಾವಿದರ ಗಾಯನ-ವಾದನ ಮುಗಿದ ಮೇಲೆ ಸವಾಯಿ ಗಂಧರ್ವರ ಭೈರವಿ ಠುಮರಿಯ ಧ್ವನಿಮುದ್ರಿಕೆಯನ್ನು ಕೇಳಿಸುತ್ತಾರೆ. ಸಾವಿರಾರು ಜನ ಅದನ್ನು ಕೇಳಿಯೇ ಮನೆಗೆ ಹೊರಡುತ್ತಾರೆ.

ಆ ಹಳೆಯ ತಟ್ಟೆಯಲ್ಲಿ ಕೇಳುಗರ ಸದ್ದಿಲ್ಲ. ಗ್ರಾಮಫೋನ್ ಕಾಲದಲ್ಲಿ ಗಾಯಕರು ಮುಚ್ಚಿದ ಕೋಣೆಯಲ್ಲಿ ಹಾಡುತ್ತಿದ್ದರು, ತಟ್ಟೆಯ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಸಮಯವಷ್ಟೇ ಸಿಗುತ್ತಿತ್ತು. ಅಷ್ಟರಲ್ಲಿ ರಾಗದ ಪರಿಚಯವಾದೀತೇ ಹೊರತು ವಿಸ್ತಾರ ಸಾಧ್ಯವಿರಲಿಲ್ಲ. ಮುಂದೆ ಬಂದ ಎಲ್‌ಪಿ ತಟ್ಟೆಯಲ್ಲಿಯೂ ಒಂದು ಬದಿಗೆ ಇಪ್ಪತ್ತು ನಿಮಿಷದ ಆಸುಪಾಸು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು, ಭೀಮಸೇನ ಜೋಶಿ ಇವರೆಲ್ಲ ಒಂದು ರಾಗವನ್ನು ಗಂಟೆಗಟ್ಟಲೆ ಹೇಗೆ ಬೆಳೆಸುತ್ತಿದ್ದರು ಎಂಬುದು ಇಂದಿನ ಹುಡುಗರಿಗೆ ತಿಳಿಯಬೇಕಾದರೆ ಸಭೆಗಳಲ್ಲಿ ಮಾಡಿದ ಮುದ್ರಣಗಳನ್ನೇ ಹೆಚ್ಚಾಗಿ ಆಶ್ರಯಿಸಬೇಕು. ಈ ನಾಲ್ವರಲ್ಲಿ ಯಾರೂ ಇಂದು ಇಲ್ಲ. ಅವರ ದನಿಯೊಂದಿಗೆ ಅಂದು ಎದುರು ಕುಳಿತಿದ್ದವರ ಕೆಮ್ಮು, ಪಿಸುಮಾತು, 'ವಾಹ್ ವಾಹ್' ಎಲ್ಲವೂ ಉಳಿದುಕೊಂಡಿದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ತಾನು ಮುಗಿದು ಗಾಯಕ ಸಮಕ್ಕೆ ಬಂದು ನಿಂತಾಗ ಮುಂದೆ ಕುಳಿತ ಹಿರಿಯರ ಬಾಯಿಂದ ತಾನಾಗಿ ಹೊರಡುವ 'ಕ್ಯಾ ಬಾತ್ ಹೈ' ಗದ್ದಲವಲ್ಲ. ಹಿಂದುಸ್ತಾನಿ ಪದ್ಧತಿಯಲ್ಲಿ ದಾದ್ ಕೊಡುವುದು ಸಂಗೀತದ ಒಂದು ಭಾಗವೇ ಆಗಿದೆ. ಎದುರಿಗಿರುವವರಿಗೆ ತಿಳಿಯಿತು ಎಂದು ಗೊತ್ತಾದೊಡನೆ ಕಲಾವಿದನ ಹುರುಪು ಹೆಚ್ಚುತ್ತದೆ, ಅದೇ ಜಾಗವನ್ನು ಇನ್ನೊಂದು ಬಗೆಯಲ್ಲಿ ಹೇಳಿ ತೋರಿಸುವ ಮನಸ್ಸಾಗುತ್ತದೆ. ಪಾಶ್ಚಾತ್ಯರ ಸಭೆಗಳಂತೆ ಎಲ್ಲರೂ ತುಟಿ ಹೊಲಿದುಕೊಂಡು ಕೂರಬೇಕೆಂದು ಯಾರೂ ಹೇಳುವುದಿಲ್ಲ.

ಆದರೆ ದಾದ್ ಕೊಡುವುದಕ್ಕೂ ಕೇಳಿ ತಿಳಿದಿರಬೇಕು. 1971ರಲ್ಲಿ ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನೆರವಿಗಾಗಿ ನಡೆದ ಸಭೆಯಲ್ಲಿ ಪಂಡಿತ ರವಿಶಂಕರರು ಸಿತಾರಿನ ಶ್ರುತಿ ಕೂಡಿಸಿದ್ದಕ್ಕೇ ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಶ್ರುತಿ ಕೂಡಿಸಿದ್ದೇ ಇಷ್ಟು ಹಿಡಿಸಿದ್ದರೆ ವಾದನ ಇನ್ನೂ ಹಿಡಿಸೀತು ಎಂದು ರವಿಶಂಕರರು ನಯವಾಗಿಯೇ ಹೇಳಿದರು. ಆ ಚಪ್ಪಾಳೆ, ಆ ಮಾತು ಎರಡೂ ಅಂದಿನ ಧ್ವನಿಮುದ್ರಣದಲ್ಲಿ ಇವತ್ತಿಗೂ ಕೇಳಿಬರುತ್ತವೆ. ರಷ್ಯದ ಪಿಯಾನೊ ವಾದಕ ರಿಕ್ಟರ್ ಅವರು 1958ರಲ್ಲಿ ಬಲ್ಗೇರಿಯದ ಸೋಫಿಯಾದಲ್ಲಿ ನುಡಿಸಿದ ಮುದ್ರಣವಂತೂ ಅದ್ಭುತ ವಾದನಕ್ಕೆ ಎಷ್ಟು ಪ್ರಸಿದ್ಧವೋ ಸಭಿಕರ ಕೆಮ್ಮಿಗೂ ಅಷ್ಟೇ ಪ್ರಸಿದ್ಧ. ದೊಡ್ಡ ಕಲೆ ಕೆಮ್ಮನ್ನು ತಾಳಿಕೊಂಡಿತು, ನಿಜ. ಹಾಗೆಂದು ಕೆಮ್ಮಿನಿಂದ ಕಲೆಯ ಸೊಗಸು ಹೆಚ್ಚಿತೆಂದು ಯಾರೂ ಅನ್ನಲಾರರು.

ಕೆಮ್ಮು ಯಾರ ಕೈಯಲ್ಲೂ ಇಲ್ಲ. ಡಿಸೆಂಬರಿನ ಪುಣೆಯ ಚಳಿಯಲ್ಲಿ ಕೆಮ್ಮು ಬರುವುದು ಸಹಜ. ಮೊಬೈಲ್ ಗಂಟೆ, ಚಿಪ್ಸ್ ಪೊಟ್ಟಣದ ಪರಪರ, ಪಕ್ಕದವರೊಡನೆ ಮನೆವಾರ್ತೆ, ಖುರ್ಚಿ ಎಳೆದಾಟ ಇವೆಲ್ಲ ಮಾತ್ರ ಕೈಯಲ್ಲಿರುವ ಸಂಗತಿಗಳು. ಅದರಲ್ಲೂ ಮೊಬೈಲ್ ಗಂಟೆ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅದಕ್ಕೆ ತನ್ನದೇ ಆದ ಸ್ವರವಿರುತ್ತದೆ. ತಂಬೂರಿಯ ಷಡ್ಜದ ಮೇಲೆ ಬೇರೊಂದು ಸ್ವರ ಬಂದು ಬಿದ್ದರೆ ಗಾಯಕರ ಏಕಾಗ್ರತೆಯೇ ಕದಡಿಹೋಗುತ್ತದೆ.

'ಈಗ ಕಂಪ್ಯೂಟರ್ ಇದೆ, ಆಮೇಲೆ ಸದ್ದು ತೆಗೆದರಾಯಿತು' ಎನ್ನುವವರುಂಟು. ಅದು ಅಷ್ಟು ಸುಲಭವಲ್ಲ. ಕೆಮ್ಮಿನ ಸದ್ದು ಒಂದೇ ಎತ್ತರದಲ್ಲಿ ಇರುವುದಿಲ್ಲ, ಮಂದ್ರದಿಂದ ತಾರದವರೆಗೆ ಹರಡಿಕೊಂಡಿರುತ್ತದೆ. ಗಾಯಕರ ದನಿ ಇರುವುದೂ ಅದೇ ಹರವಿನಲ್ಲಿ. ಒಂದನ್ನು ಕೆರೆದರೆ ಇನ್ನೊಂದಕ್ಕೂ ಪೆಟ್ಟು. ಸದ್ದು ತೆಗೆಯುವ ಭರದಲ್ಲಿ ತಂಬೂರಿಯ ಜವಾರಿಯ ಝೇಂಕಾರವೂ ಸವೆದು ಹೋಗುತ್ತದೆ. ಜತೆಗೆ ತಿಳಿದವರ 'ವಾಹ್' ಕೂಡ ಅಳಿಸಿಹೋದರೆ ಉಳಿಯುವುದು ಜೀವವಿಲ್ಲದ ಹಾಡು.

ಈ ಮಾತು ಮುಖ್ಯವಾಗಿ ಮುಂದಿನ ಸಾಲಿನವರಿಗೆ ಸಲ್ಲುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದಿನ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಗೋಡೆಗಳಿರುವ ಸಭಾಗೃಹದಲ್ಲಿ ಅಷ್ಟೂ ಇಳಿಯುವುದಿಲ್ಲ. ಮೂವತ್ತನೆಯ ಸಾಲಿನ ಪಿಸುಮಾತು ವೇದಿಕೆಯ ಮೈಕಿಗೆ ತಲುಪಲಿಕ್ಕಿಲ್ಲ, ಮೊದಲ ಸಾಲಿನದು ತಲುಪಿಯೇ ತಲುಪುತ್ತದೆ. ಸಂಘ-ಸಂಸ್ಥೆಗಳ ಕಾರ್ಯಕ್ರಮಗಳಲ್ಲಿ ಆ ಮೊದಲ ಸಾಲಿನ ಸೋಫಾಗಳು ಯಾರಿಗೆ ಮೀಸಲು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಖ್ಯ ಅತಿಥಿಗಳು ತಡವಾಗಿ ಬರುತ್ತಾರೆ, ಪದಾಧಿಕಾರಿಗಳು ಎದ್ದು ಹೋಗಿ ಸ್ವಾಗತಿಸುತ್ತಾರೆ. ಬಡಾ ಖಯಾಲ್ ಮುಗಿದು ಛೋಟಾ ಖಯಾಲಿಗೆ ತಬಲಾ ಏರುವಷ್ಟರಲ್ಲಿ ಶಾಲು, ಫಲಪುಷ್ಪ, ಸ್ಮರಣಿಕೆ, ಛಾಯಾಚಿತ್ರ. ಅತಿಥಿಗಳಿಗೆ ಇನ್ನೊಂದು ಕಾರ್ಯಕ್ರಮವಿರುವುದರಿಂದ ಅವರನ್ನು ಬೀಳ್ಕೊಡುವ ಗಡಿಬಿಡಿ. ಸಂಗೀತಕ್ಕೆಂದೇ ಊರಾಚೆಯಿಂದ ಎರಡು ಬಸ್ ಬದಲಿಸಿ ಬಂದ ರಸಿಕ ಹಿಂದೆಲ್ಲೋ ಕಂಬದ ಮರೆಯಲ್ಲಿ ಕುಳಿತಿರುತ್ತಾನೆ.

ಹೊರನಾಡಿನಲ್ಲಿ ಸಂಘದ ಕಾರ್ಯಕ್ರಮವೆಂದರೆ ಸಂಗೀತವಷ್ಟೇ ಅಲ್ಲ, ಬಂಧು-ಮಿತ್ರರ ಭೇಟಿಯೂ ಹೌದು ಎಂಬ ವಾದ ಸುಳ್ಳಲ್ಲ. ಹಡಪಸರದವರು, ಚಿಂಚವಡದವರು, ಕೋಥರೂಡಿನವರು ಒಂದೆಡೆ ಸೇರುವುದೇ ಅಪರೂಪ, ಸೇರಿದಾಗ ನಾಲ್ಕು ಮಾತು ಕನ್ನಡದಲ್ಲಿ ಆಡದೆ ಇರಲಾದೀತೇ? ಮಾತು ಬೇಡವೆಂದರೆ ಜನವೇ ಬರಲಿಕ್ಕಿಲ್ಲ ಎಂಬ ಅಂಜಿಕೆ ಕಾರ್ಯಕರ್ತರಿಗೆ ಇದ್ದರೆ ತಪ್ಪೇನಿಲ್ಲ. ಅದಕ್ಕೆ ಉಪಾಯ ಮಾತಿಗೂ ಸಮಯ ಗೊತ್ತುಮಾಡುವುದು. ಗಾಯನಕ್ಕೆ ಅರ್ಧ ಗಂಟೆ ಮೊದಲೇ ಚಹಾ-ಉಪ್ಪಿಟ್ಟು ಇಟ್ಟರೆ ಎಲ್ಲರ ಮಾತೂ ಮುಗಿಯುತ್ತದೆ, ಮಧ್ಯಂತರವೂ ಇದ್ದೇ ಇರುತ್ತದೆ.

ಉಳಿದದ್ದೂ ದುಬಾರಿಯಲ್ಲ. ಸನ್ಮಾನವನ್ನು ಗಾಯನಕ್ಕೆ ಮೊದಲು ಅಥವಾ ಕೊನೆಗೆ ಇಟ್ಟುಕೊಳ್ಳಬೇಕು. ತಡವಾಗಿ ಬಂದವರನ್ನು, ಅವರು ಯಾರೇ ಆಗಿರಲಿ, ಒಂದು ರಾಗ ಮುಗಿದ ಮೇಲೆಯೇ ಒಳಗೆ ಬಿಡಬೇಕು. ಮುಂದಿನ ಎರಡು ಸಾಲುಗಳನ್ನು ಕೊನೆಯವರೆಗೆ ಕುಳಿತು ಕೇಳುವವರಿಗೆ ಬಿಟ್ಟುಕೊಡಬೇಕು. 'ಇಂದಿನ ಗಾಯನ ಮುದ್ರಣವಾಗುತ್ತಿದೆ' ಎಂದು ಆರಂಭದಲ್ಲಿಯೇ ಕನ್ನಡ, ಮರಾಠಿ ಎರಡರಲ್ಲೂ ತಿಳಿಸಿದರೆ ಅರ್ಧ ಸದ್ದು ಅಲ್ಲೇ ಅಡಗುತ್ತದೆ. ಹತ್ತಾರು ಜನ ಮೊಬೈಲ್ ಎತ್ತಿ ಹಿಡಿಯುವ ಬದಲು, ಕಲಾವಿದರ ಅನುಮತಿ ಪಡೆದು ಸಂಘವೇ ಒಂದು ಒಳ್ಳೆಯ ಮುದ್ರಣ ಮಾಡಿಸಬೇಕು. ದಿನಾಂಕ, ಸ್ಥಳ, ರಾಗ, ತಬಲಾ-ಹಾರ್ಮೋನಿಯಂ ಸಾಥಿದಾರರ ಹೆಸರು ಬರೆದಿಟ್ಟು ಕಾಪಾಡಬೇಕು.

ಇಷ್ಟೆಲ್ಲ ಏಕೆ ಎಂಬ ಪ್ರಶ್ನೆಗೆ ಭೀಮಸೇನರ ಬಾಲ್ಯವೇ ಉತ್ತರ. ಗದಗಿನ ಆ ಹುಡುಗನಿಗೆ ಗಾಯನದ ಹುಚ್ಚು ಹಿಡಿಸಿದ್ದು ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ಒಂದು ಧ್ವನಿಮುದ್ರಿಕೆ. ಹನ್ನೊಂದನೆಯ ವಯಸ್ಸಿನಲ್ಲಿ, 1933ರಲ್ಲಿ, ಅವರು ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಕೊನೆಗೆ ಅವರಿಗೆ ದೊರೆತ ಗುರು ಸವಾಯಿ ಗಂಧರ್ವರು ಅದೇ ಖಾನ್ ಸಾಹೇಬರ ಶಿಷ್ಯರು. ಒಂದು ಮುದ್ರಿಕೆ ಅಂದು ಅಷ್ಟು ಕೆಲಸ ಮಾಡಿತು. ಇಂದು ಪುಣೆಯ ಸಭಾಗೃಹಗಳಲ್ಲಿ ಆಗುತ್ತಿರುವ ಮುದ್ರಣವನ್ನು ನಾಳೆ ಎಲ್ಲೋ ಒಂದು ಕನ್ನಡದ ಮಗು ಕೇಳಬಹುದು. ಅದರ ಕಿವಿಗೆ ರಾಗ ಬೀಳಬೇಕೋ ಮುಂದಿನ ಸಾಲಿನ ಮೊಬೈಲ್ ಗಂಟೆ ಬೀಳಬೇಕೋ ಎಂಬುದನ್ನು ಸಂಘಗಳ ಪದಾಧಿಕಾರಿಗಳೂ ಸದಸ್ಯರೂ ಮುಂದಿನ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ಅಚ್ಚಾಗುವ ಮೊದಲೇ ಯೋಚಿಸಬೇಕಾಗಿದೆ.