ಕಾಯಕದೊಳಗಿನ ಕಾಯ

ಹೊಸ ಯಂತ್ರ ಬಂದ ದಿನ ಅಕ್ಕಿ ಗಿರಣಿಯ ಅಂಗಳದಲ್ಲಿ ವಿಭೂತಿ, ಹೂವು, ತೆಂಗಿನಕಾಯಿ ಸಿದ್ಧವಾಗಿರುತ್ತವೆ. ಯಂತ್ರವನ್ನು ಲಾರಿಯಿಂದ ಇಳಿಸಲು ಕ್ರೇನ್ ಮಾತ್ರ ಇರುವುದಿಲ್ಲ. ಎರಡು ಹಲಗೆ, ಹಗ್ಗ, ಹಾರೆ, ಎಂಟು ಜನ ಹಮಾಲರು. ಹಲಗೆ ಜಾರಿ ಒಬ್ಬನ ಕಾಲು ಜಜ್ಜಿಹೋದರೆ ಅವನಿಗೆ ಆಸ್ಪತ್ರೆಯ ಖರ್ಚಿಗೆಂದು ಒಂದಿಷ್ಟು ಹಣ, ಅದರೊಡನೆ ಕಾಯಕ-ಕೈಲಾಸದ ಉಪದೇಶ. ಹೀಗೆ ನಡೆದುಕೊಳ್ಳುವವರಲ್ಲಿ ಲಿಂಗಧಾರಿಗಳಾದ ಮಾಲೀಕರೂ ಇದ್ದಾರೆಂಬುದು ಲಜ್ಜೆಯ ಸಂಗತಿ.

ಕಾಯಕವೆಂಬ ಪದದೊಳಗೇ ಕಾಯವಿದೆ. ದೇಹವನ್ನು ದೇಗುಲವಾಗಿ ಕಂಡ ಬಸವಣ್ಣನವರ ಪ್ರಸಿದ್ಧ ವಚನದಲ್ಲಿ ಕಾಲುಗಳಿಗೆ ಸಲ್ಲುವುದು ಕಂಬದ ಸ್ಥಾನ. ಆ ವಚನವನ್ನು ಗಿರಣಿಯ ಗೋಡೆಯ ಮೇಲೆ ಬರೆಸಿದವರಿಗೆ ಅಂಗಳದಲ್ಲಿ ಮುರಿದ ಕಂಬ ಕಾಣದೆ ಹೋಗುವುದೆಂತು? ಹಮಾಲನ ಕೊರಳಲ್ಲಿ ಇಷ್ಟಲಿಂಗವಿಲ್ಲವಲ್ಲ ಎಂದು ವಾದಿಸುವವರೂ ಉಂಟು. ಆ ವಾದಕ್ಕೆ ಉತ್ತರಿಸುವುದೂ ಶರಣರಿಗೆ ಅವಮಾನ.

ಅವನೇ ಎಚ್ಚರ ತಪ್ಪಿದನೆಂಬುದು ಇನ್ನೊಂದು ಸಮಜಾಯಿಷಿ. ವಯಸ್ಕ ಪುರುಷನೊಬ್ಬನು ಕೈಯಾರೆ ಸಾಗಿಸುವ ಭಾರಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರ ಶಿಫಾರಸಿನಲ್ಲಿ 55 ಕಿಲೋಗ್ರಾಮಿನ ಮಿತಿಯನ್ನು ಸೂಚಿಸಿತು. ಒಂದು ಟನ್ ತೂಕದ ಯಂತ್ರವನ್ನು ಎಂಟು ಜನರಿಗೆ ಸಮನಾಗಿ ಹಂಚಿದರೂ ತಲಾ 125 ಕಿಲೋ ಆಯಿತು. ಇಳಿಜಾರಿನಲ್ಲಿ ಸಮನಾದ ಹಂಚಿಕೆಯೆಂಬುದೂ ಇಲ್ಲ. ಹಗ್ಗ ಹರಿದ ಕ್ಷಣದಲ್ಲಿ ಇಡೀ ಭಾರ ಕೆಳಬದಿಯಲ್ಲಿ ನಿಂತವನತ್ತ ಬರುತ್ತದೆ. ಮೇಲ್ಭಾಗ ತೂಕವಾಗಿರುವ ಯಂತ್ರ ವಾಲಿದೊಡನೆ ತಡೆಯಲು ಕೈ ತಾನಾಗಿ ಮುಂದೆ ಹೋಗುತ್ತದೆ. ಬೆರಳುಗಳು ನಜ್ಜುಗುಜ್ಜಾಗುವುದೂ ಆಗಲೇ. ಎಚ್ಚರ ತಪ್ಪಿದ್ದು ಕ್ರೇನ್ ಬೇಡವೆಂದವನಿಗೆ.

ದುಡಿಮೆಯಲ್ಲಿ ಪೆಟ್ಟಾದವರಿಗೆ ಪರಿಹಾರ ಕೊಡಬೇಕೆಂಬ ಕಾಯ್ದೆ 1923ರಲ್ಲಿಯೇ ಬಂದಿತು. 2025ರ ನವೆಂಬರಿನಲ್ಲಿ ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯು ಅದರ ಸ್ಥಾನವನ್ನು ಪಡೆದಿದೆ. ಪರಿಹಾರವು ಮಾಲೀಕನ ಔದಾರ್ಯವಲ್ಲ, ಗಾಯಾಳುವಿನ ಹಕ್ಕು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರಲು ಹೇಳಿದರೆಂಬ ಕಥೆಯನ್ನು ಭಕ್ತರೆಲ್ಲ ಬಲ್ಲರು. ಕ್ರೇನಿನ ಬಾಡಿಗೆ ಉಳಿಸಿದ ಹಣ ಆ ಹೆಚ್ಚಿನ ಅಕ್ಕಿಯಲ್ಲದೆ ಮತ್ತೇನು? ಶ್ರಾವಣದಲ್ಲಿ ಅದೇ ಹಣ ದಾಸೋಹದ ಮೂಟೆಯಾಗಿ ಮಠಕ್ಕೂ ಬರಬಹುದು, ದಾನಿಯ ಹೆಸರು ಫಲಕದ ಮೇಲೆಯೂ ಏರಬಹುದು. ಮೂಟೆಯನ್ನು ಇಳಿಸಿಕೊಳ್ಳುವ ಮುನ್ನ, ಗಿರಣಿಯಲ್ಲಿ ಕಾಲು ಕಳೆದುಕೊಂಡ ಹಮಾಲನಿಗೆ ಸಲ್ಲಬೇಕಾದುದು ಸಂದಿದೆಯೇ ಎಂದು ಮಠದವರು ದಾನಿಯನ್ನು ಕೇಳಲಿ.